ಮಾಚಿಪತ್ರೆಯೋ, ಪಾರ್ಥೇನಿಯಮೋ?

ಗೌರೀ-ಗಣೇಶ ಹಬ್ಬ ಹತ್ತಿರ ಬಂದಿತೆಂದರೆ ಭದ್ರಾವತಿಯ ಹುಡುಗರಿಗೆ ಒಂದು ಹೊಸ ಉದ್ಯೋಗ ದೊರೆಯುತ್ತದೆ. ಪತ್ರಪೂಜೆಗೆ ಬೇಕಾದ ಇಪ್ಪತ್ತೊಂದು ಬಗೆಯ ಎಲೆಗಳನ್ನು ಕೂಡಿಸುವುದೇ ಆ ಉದ್ಯೋಗ. ಹೊಳೆಯ ದಂಡೆ, ನಾಲೆಯ ಏರಿ, ರೈಲುಹಾದಿಯ ಪಕ್ಕ, ಖಾಲಿ ನಿವೇಶನ, ಹೀಗೆ ಅವರು ಅಲೆಯದ ಸ್ಥಳವಿಲ್ಲ. ಕಳೆದ ವರ್ಷದ ಹಬ್ಬದ ಹಿಂದಿನ ದಿನ ಸಂಜೆ ನೆರೆಮನೆಯ ಹುಡುಗನೊಬ್ಬನು, ಪದವಿಪೂರ್ವ ತರಗತಿಯಲ್ಲಿ ಓದುವವನು, ಒಂದು ತೋಳಿನಷ್ಟು ದಪ್ಪದ ಎಲೆಯ ಕಟ್ಟನ್ನು ಹಿಡಿದು ನಮ್ಮ ಮನೆಯ ಜಗಲಿಗೆ ಬಂದನು.

"ಸಾರ್, ಹತ್ತೊಂಬತ್ತು ಸಿಕ್ಕಿವೆ. ಮಾಚಿಪತ್ರೆ, ಗರಗ ಎರಡೂ ಇವೆ. ಸರಿಯಾಗಿವೆಯೇ ನೋಡಿ" ಎಂದನು.

ನಾವು ಕಾಲೇಜಿನಲ್ಲಿ ಕಲಿಸುವುದು ಭೌತಶಾಸ್ತ್ರವನ್ನು. ಗಿಡಗಳ ವಿಷಯದಲ್ಲಿ ನಾವು ಕೇವಲ ಹವ್ಯಾಸಿಗಳು. ಆದರೂ ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಯಾವಾಗಲೂ ಇರುತ್ತದೆ. ಅವನು ಮಾಚಿಪತ್ರೆಯೆಂದು ತೋರಿಸಿದ ಎಲೆಯನ್ನು ಪೆನ್ಸಿಲಿನ ತುದಿಯಿಂದ ಹೊರಳಿಸಿ ನೋಡಿದೆವು. ಕೆಳಮೈ ಮೇಲ್ಮೈಯಂತೆಯೇ ಹಸುರಾಗಿತ್ತು. ಕೂಡಲೇ ಕಟ್ಟನ್ನು ಕೆಳಗಿಟ್ಟು ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದುಕೊಂಡು ಬರುವಂತೆ ಅವನಿಗೆ ಹೇಳಿದೆವು. ಅದು ಮಾಚಿಪತ್ರೆಯಾಗಿರಲಿಲ್ಲ. ನಮ್ಮೆಲ್ಲರ ಊರುಗಳಲ್ಲಿ ಹಬ್ಬಿರುವ ಪಾರ್ಥೇನಿಯಂ, ಎಂದರೆ ಜನರು ಕಾಂಗ್ರೆಸ್ ಗಿಡವೆಂದು ಕರೆಯುವ ಕಳೆ ಆಗಿತ್ತು. ಅವನು ಗರಗವೆಂದು ತಂದುದೂ ಗರಗವಲ್ಲ, ಗಬ್ಬುಶಾವಂತಿ.

ಹುಡುಗನ ಮುಖ ಪೆಚ್ಚಾಯಿತು. "ಹೋದ ವರ್ಷವೂ ಇದನ್ನೇ ಕೊಟ್ಟಿದ್ದೆ. ಅಜ್ಜಿಯೇ ಎಲೆಗಳನ್ನೆಲ್ಲ ಬಿಡಿಸಿ ಜೋಡಿಸಿದ್ದರು" ಎಂದನು.

ಈ ಮಾತಿನ ಅರ್ಥ ನಮಗೆ ತಿಳಿದುದು ಅಜ್ಜಿಯನ್ನು ಕಂಡಾಗ. ಹಿಂದಿನ ವರ್ಷ ಹಬ್ಬ ಕಳೆದ ಎರಡು ದಿನಗಳಲ್ಲಿ ಅವರ ಬೆರಳುಗಳು ಕೆಂಪಾಗಿ ಊದಿಕೊಂಡು ವಿಪರೀತ ತುರಿಸಲಾರಂಭಿಸಿದ್ದವು. ಆಮೇಲೆ ಕುತ್ತಿಗೆಗೂ ರೆಪ್ಪೆಗಳಿಗೂ ಅದು ಹರಡಿತು. ವೈದ್ಯರು ಯಾವ ಯಾವ ಗಿಡಗಳನ್ನು ಮುಟ್ಟಿದಿರೆಂದು ಕೇಳಿದ್ದರು. ಅಜ್ಜಿ ಗರಿಕೆ, ಬಿಲ್ವ, ಮಾಚಿಪತ್ರೆ, ಗರಗ ಎಂದು ಪಟ್ಟಿ ಹೇಳಿದ್ದರು. ತಲೆಮಾರುಗಳಿಂದ ಮನೆಮನೆಗಳಲ್ಲಿ ಬಳಕೆಯಲ್ಲಿರುವ ಆ ಎಲೆಗಳ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು? ಮುಲಾಮು ಹಚ್ಚಿದಾಗ ತುರಿಕೆ ಅಡಗುತ್ತಿತ್ತು, ಅಂಗಳದ ಕಳೆ ಕಿತ್ತಾಗಲೆಲ್ಲ ಮರುಕಳಿಸುತ್ತಿತ್ತು. ಹೀಗೆ ಒಂದು ವರ್ಷ ಕಳೆದಿತ್ತು. ಗಿಡಕ್ಕೆ ತಪ್ಪು ಹೆಸರು ಬಿದ್ದುದರಿಂದ ನಿಜವಾದ ಅಪರಾಧಿ ವೈದ್ಯರ ಪಟ್ಟಿಯಲ್ಲಿ ಸೇರಲೇ ಇಲ್ಲ.

ಗಿಡವೊಂದನ್ನು ಸರಿಯಾಗಿ ಗುರುತಿಸುವುದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ ವಿಷಯವಲ್ಲವೆಂದು ನಮಗೆ ಅಂದು ಮನದಟ್ಟಾಯಿತು. ಈ ಗುರುತಿಸುವಿಕೆಯನ್ನು ಕ್ರಮವಾಗಿ ಮಾಡುವುದು ಹೇಗೆಂದು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ಹೂವಲ್ಲ, ಹಲವು ಹೂಗಳು

ಮಾಚಿಪತ್ರೆ, ಪಾರ್ಥೇನಿಯಂ, ಗರಗ, ಗಬ್ಬುಶಾವಂತಿ, ಈ ನಾಲ್ಕೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು. ಹಿಂದೆ ಕಾಂಪೊಸಿಟೀ ಎಂದು ಕರೆಯುತ್ತಿದ್ದ ಈ ಕುಟುಂಬಕ್ಕೆ ಈಗ ಆಸ್ಟರೇಸೀ ಎಂಬ ಹೆಸರು ಬಳಕೆಯಲ್ಲಿದೆ. ಹೂಬಿಡುವ ಸಸ್ಯಗಳ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು. ಇದರಲ್ಲಿ 25,000ಕ್ಕೂ ಮಿಗಿಲಾದ ಪ್ರಭೇದಗಳಿವೆ. ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳು, ದವನ ಇವೂ ಇದೇ ಮನೆತನದವು.

ಈ ಕುಟುಂಬದ ಗುಟ್ಟನ್ನು ಅರಿಯಬೇಕಾದರೆ ಒಂದು ಸೂರ್ಯಕಾಂತಿಯ ಹೂವನ್ನು ಉದ್ದಕ್ಕೆ ಸೀಳಿ ನೋಡಬೇಕು. ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ನೂರಾರು ಕಿರುಹೂಗಳ ಗುಂಪು. ನಡುವಣ ತಟ್ಟೆಯಲ್ಲಿ ಒತ್ತಾಗಿ ನಿಂತಿರುವ ಪುಟ್ಟ ಕೊಳವೆಗಳಲ್ಲಿ ಒಂದೊಂದೂ ಒಂದು ಪೂರ್ಣ ಹೂವು. ಇವಕ್ಕೆ ತಟ್ಟೆಯ ಕಿರುಹೂಗಳೆಂದು ಹೆಸರಿಡೋಣ. ಅಂಚಿನಲ್ಲಿ ದಳಗಳಂತೆ ಕಾಣುವವುಗಳೂ ಬೇರೆ ಬೇರೆ ಹೂಗಳೇ. ಅವು ಅಂಚಿನ ಕಿರುಹೂಗಳು. ಇವೆಲ್ಲವನ್ನೂ ಕೆಳಗಿನಿಂದ ಹಿಡಿದಿರುವ ಹಸುರು ಬಟ್ಟಲೊಂದುಂಟು. ಒಟ್ಟು ರಚನೆಗೆ ತಲೆಯೆಂದೂ ಮಂಡೆಯೆಂದೂ ಅರ್ಥ ಬರುವ ಹೆಸರನ್ನು ಸಸ್ಯಶಾಸ್ತ್ರಜ್ಞರು ಇಟ್ಟಿದ್ದಾರೆ. ನಾವು ಇಲ್ಲಿ ಹೂಮಂಡೆ ಎನ್ನೋಣ.

ಈ ಕುಟುಂಬದ ಸಸ್ಯವನ್ನು ಗುರುತಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅಂಚಿನ ಕಿರುಹೂಗಳು ಇವೆಯೇ? ಇದ್ದರೆ ಎಷ್ಟು? ಹೂಮಂಡೆಯ ಅಡ್ಡಳತೆ ಎಷ್ಟು? ಬೀಜದ ತಲೆಯ ಮೇಲೆ ರೋಮದ ಕುಚ್ಚು ಉಂಟೇ? ಎಲ್ಲವೂ ಎಣಿಕೆಯ ಮತ್ತು ಅಳತೆಯ ಪ್ರಶ್ನೆಗಳು. ಬಹುಶಃ ಭೌತಶಾಸ್ತ್ರದವರಿಗೂ ಈ ವಿದ್ಯೆ ಹಿಡಿಸುವುದು ಇದೇ ಕಾರಣಕ್ಕೆ.

ಭೂತಗನ್ನಡಿಯ ಬಳಕೆಯ ಬಗೆಗೆ ಒಂದು ಮಾತು. ಸ್ಪಷ್ಟ ದೃಷ್ಟಿಯ ಕನಿಷ್ಠ ದೂರವನ್ನು 25 ಸೆಂಟಿಮೀಟರ್ ಎಂದು ಹಿಡಿಯುವುದು ವಾಡಿಕೆ. ಹತ್ತು ಪಟ್ಟಿನ ಮಸೂರದ ನಾಭಿದೂರ ಅದರ ಹತ್ತನೆಯ ಒಂದು ಪಾಲು, ಎಂದರೆ 2.5 ಸೆಂಟಿಮೀಟರ್. ಆದ್ದರಿಂದ ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಎಲೆಯನ್ನು ಚಿಮಟದಲ್ಲಿ ಎತ್ತಿಕೊಂಡು ಎರಡೂವರೆ ಸೆಂಟಿಮೀಟರಿನಷ್ಟು ಸಮೀಪಕ್ಕೆ ತರಬೇಕು. ತೋಳು ಚಾಚಿ ಮಸೂರ ಹಿಡಿಯುವವರಿಗೆ ತಲೆಕೆಳಗಾದ ಮಸುಕು ಬಿಂಬವೇ ಗತಿ.

ನಾಲ್ಕು ಗಿಡಗಳ ಲಕ್ಷಣ

ಮೊದಲು ಮಾಚಿಪತ್ರೆ. ಇದು ಆರ್ಟಿಮೀಸಿಯ ಎಂಬ ಕುಲಕ್ಕೆ ಸೇರಿದ್ದು. ದವನವೂ ಇದೇ ಕುಲದ್ದು. ಮಾಚಿಪತ್ರೆ ಬಹುವಾರ್ಷಿಕ. ಬುಡ ಕಟ್ಟಿಗೆಯಂತೆ ಗಟ್ಟಿಯಾಗಿದ್ದು ಅಲ್ಲಿಂದ ನೆಟ್ಟಗಿನ ಚಿಗುರುಗಳು ಏಳುತ್ತವೆ. ಎಲೆಗಳು ಆಳವಾಗಿ ಸೀಳಿರುತ್ತವೆ. ಮೇಲ್ಮೈ ಹಸುರು. ಕೆಳಮೈಯಲ್ಲಾದರೋ ಹತ್ತಿಯ ಎಳೆಗಳನ್ನು ಒತ್ತಿ ಹಚ್ಚಿದಂತೆ ಬೂದುಬಿಳುಪಿನ ತುಪ್ಪುಳ. ವಾಸನೆ ಬಲು ಘಾಟು. ಹೂಮಂಡೆಗಳು ತೀರ ಚಿಕ್ಕವು, ಅವುಗಳಲ್ಲಿ ದಳದಂತೆ ಕಾಣುವ ಅಂಚಿನ ಕಿರುಹೂಗಳಿಲ್ಲ.

ಎರಡನೆಯದು ಪಾರ್ಥೇನಿಯಂ ಹಿಸ್ಟೆರೊಫೋರಸ್. ಇದು ಏಕವಾರ್ಷಿಕ. ಎಳೆಯದಾಗಿರುವಾಗ ಎಲೆಗಳೆಲ್ಲ ನೆಲಕ್ಕೆ ಒರಗಿ ಚಕ್ರಾಕಾರವಾಗಿ ಹರಡಿಕೊಂಡಿರುತ್ತವೆ. ಅನಂತರ ನಡುವಿನಿಂದ ಗೀರುಗಳುಳ್ಳ ಕಾಂಡ ಮೇಲೆದ್ದು, ಕವಲೊಡೆದು, ಒಂದು ಒಂದೂವರೆ ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಎಲೆ ಮಾಚಿಪತ್ರೆಯಂತೆಯೇ ಸೀಳುಸೀಳು. ಎರಡೂ ಮೈಗಳಲ್ಲಿ ಗಿಡ್ಡ ರೋಮಗಳಿದ್ದರೂ ಕೆಳಗೆ ಬಿಳಿಯ ತುಪ್ಪುಳಿಲ್ಲ, ಕೊಂಚ ಮಸುಕಾದ ಹಸುರಷ್ಟೆ. ಹೂಮಂಡೆ ಬಿಳುಪು, ಅಡ್ಡಳತೆ 4 ಮಿಲಿಮೀಟರಿನ ಆಸುಪಾಸು. ಮಸೂರದಲ್ಲಿ ನೋಡಿದರೆ ಐದು ಮೂಲೆಗಳಲ್ಲಿ ಐದು ಪುಟ್ಟ ಅಂಚಿನ ಕಿರುಹೂಗಳು ಕಾಣುತ್ತವೆ. ಬೀಜ ಕಟ್ಟುವುದು ಈ ಐದು ಮಾತ್ರ, ನಡುವಿನವು ಗಂಡುಹೂಗಳು. ಎಂದರೆ ಮಂಡೆಯೊಂದಕ್ಕೆ ಐದೇ ಬೀಜ. ಇದೆಷ್ಟರ ಬೆಳೆ ಎಂದು ಹಗುರವಾಗಿ ಎಣಿಸಬೇಡಿ. ಚೆನ್ನಾಗಿ ಬೆಳೆದ ಗಿಡವೊಂದು 15,000 ಬೀಜಗಳನ್ನು ಕೊಡಬಲ್ಲುದು. ಹಾಗಾದರೆ ಒಂದು ಗಿಡದಲ್ಲಿ 3,000 ಹೂಮಂಡೆಗಳು ಅರಳಿರಬೇಕಷ್ಟೆ!

ಮೂರನೆಯದು ಗರಗ, ಸಂಸ್ಕೃತದ ಭೃಂಗರಾಜ. ಇದರ ಶಾಸ್ತ್ರೀಯ ನಾಮ ಎಕ್ಲಿಪ್ಟ ಪ್ರಾಸ್ಟ್ರೇಟ. ಗದ್ದೆಯ ಬದು, ನಾಲೆಯ ಅಂಚು ಮುಂತಾದ ತೇವದ ಜಾಗಗಳೇ ಇದಕ್ಕೆ ಪ್ರಿಯ. ಎಲೆಗಳು ಕಿರಿದಾಗಿ ನೀಳವಾಗಿ, ತೊಟ್ಟಿಲ್ಲದೆ, ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಹೂಮಂಡೆಯಲ್ಲಿ ಅಂಚಿನ ಕಿರುಹೂಗಳು ಬಿಳಿಯ ನೂಲಿನ ತುಂಡುಗಳಂತೆ ಲೆಕ್ಕವಿಲ್ಲದಷ್ಟು. ಎಲೆಯನ್ನು ಬಿಳಿಯ ಕಾಗದದ ಮೇಲೆ ಅರೆದರೆ ರಸ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ. ತಲೆಗೂದಲ ಎಣ್ಣೆಗೆ ನಮ್ಮ ಹಿರಿಯರು ಬಳಸುತ್ತ ಬಂದಿರುವುದು ಈ ಗಿಡವನ್ನೇ.

ನಾಲ್ಕನೆಯದು ಗಬ್ಬುಶಾವಂತಿ, ಶಾಸ್ತ್ರೀಯವಾಗಿ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಉಷ್ಣವಲಯದ ಅಮೆರಿಕದಿಂದ ಬಂದ ಇದು ಒಣನೆಲದಲ್ಲಿ ತೆವಳುತ್ತ ಬೆಳೆಯುತ್ತದೆ. ಎಲೆಯ ಅಂಚು ಒರಟು ಗರಗಸದಂತಿದೆ. ಎಲೆಗಳಿಂದ ಬಹಳ ಮೇಲಕ್ಕೆ, ನೀಳವಾದ ಒಂಟಿ ತೊಟ್ಟಿನ ತುದಿಯಲ್ಲಿ ಒಂದೇ ಹೂಮಂಡೆ. ಅದರ ಅಂಚಿನಲ್ಲಿ ಐದಾರು ಕೆನೆಬಣ್ಣದ ಕಿರುಹೂಗಳಿದ್ದು, ಒಂದೊಂದರ ತುದಿಯಲ್ಲೂ ಮೂರು ಹಲ್ಲುಗಳಿರುತ್ತವೆ. ಬೀಜದ ತಲೆಯ ಮೇಲೆ ಗರಿಯಂತಹ ರೋಮಗಳ ಕುಚ್ಚು ಉಂಟು. ಇಂತಹ ಒಂದು ಬೀಜವನ್ನೂ ಕುಚ್ಚು ಕಿತ್ತ ಇನ್ನೊಂದನ್ನೂ ಗಾಳಿಯಿಲ್ಲದ ಕೋಣೆಯಲ್ಲಿ ಎರಡು ಮೀಟರ್ ಎತ್ತರದಿಂದ ಬಿಟ್ಟು, ನೆಲಕ್ಕೆ ತಲಪುವ ಕಾಲವನ್ನು ಗಡಿಯಾರದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಗಾಳಿಯ ತಡೆಯೆಂಬುದು ಎಷ್ಟರ ಮಟ್ಟಿನ ಬಲವೆಂದು ಆಗ ತಿಳಿದೀತು. ಪಾರ್ಥೇನಿಯಮ್ಮಿನ ಬೀಜಕ್ಕೆ ಇಂತಹ ಕೊಡೆಯಿಲ್ಲ. ಅದು ಹರಿವ ನೀರಿನಲ್ಲಿ, ಗಾಡಿಯ ಚಕ್ರಕ್ಕೆ ಅಂಟಿದ ಕೆಸರಿನಲ್ಲಿ, ದನಕರುಗಳ ಗೊರಸಿನಲ್ಲಿ ಪ್ರಯಾಣ ಮಾಡುತ್ತದೆ. ರಸ್ತೆಯ ಮಗ್ಗುಲಲ್ಲಿ ಅದು ಸಾಲುಗಟ್ಟಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಮುಟ್ಟುವ ಮುನ್ನ ನೋಡುವ ಕ್ರಮ

ಸಸ್ಯಗಳ ಗುರುತಿಗಾಗಿ ವಿಜ್ಞಾನಿಗಳು ಇಬ್ಬಗೆಯ ಕೀಲಿ ಎಂಬ ಸಾಧನವನ್ನು ಬಳಸುತ್ತಾರೆ. 1778ರಲ್ಲಿ ಪ್ರಕಟವಾದ ಫ್ರಾನ್ಸಿನ ಸಸ್ಯಗಳ ಗ್ರಂಥದಲ್ಲಿ ಲಾಮಾರ್ಕನು ಇದನ್ನು ಬಳಸಿ ಪ್ರಸಿದ್ಧಿಗೆ ತಂದನು. ಒಂದೊಂದು ಹೆಜ್ಜೆಯಲ್ಲೂ ಎರಡೇ ಉತ್ತರವುಳ್ಳ ಪ್ರಶ್ನೆ. ಉತ್ತರ ಕೊಟ್ಟಂತೆ ದಾರಿ ಕವಲೊಡೆದು ಕೊನೆಗೆ ಒಂದು ಹೆಸರಿಗೆ ಬಂದು ನಿಲ್ಲುತ್ತದೆ. ಸಾಲ್ಡಾನ ಮತ್ತು ನಿಕಲ್ಸನ್ ಅವರು 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗ್ರಂಥದಂತಹ ಪುಸ್ತಕಗಳಲ್ಲಿ ಇಂತಹ ಕೀಲಿಗಳನ್ನು ಕಾಣಬಹುದು.

ನಮ್ಮ ನಾಲ್ಕು ಗಿಡಗಳಿಗೆ ಬೇಕಾದ ಕೀಲಿ ಚಿಕ್ಕದು. ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೇ, ಅಥವಾ ಒಂದಾದ ಮೇಲೊಂದು ಪರ್ಯಾಯವಾಗಿವೆಯೇ? ಜೋಡಿಯಾಗಿದ್ದರೆ ಅದು ಗರಗ ಇಲ್ಲವೆ ಗಬ್ಬುಶಾವಂತಿ. ಹೂಮಂಡೆಯ ತೊಟ್ಟು ಬಹಳ ನೀಳವಾಗಿ ಬೀಜಕ್ಕೆ ಕುಚ್ಚಿದ್ದರೆ ಗಬ್ಬುಶಾವಂತಿ, ಕುಚ್ಚಿಲ್ಲದಿದ್ದರೆ ಗರಗ. ಎಲೆಗಳು ಪರ್ಯಾಯವಾಗಿದ್ದು ಸೀಳಿದ್ದರೆ ಕೆಳಮೈಯನ್ನು ನೋಡಬೇಕು. ಬಿಳಿಯ ತುಪ್ಪುಳಿದ್ದರೆ ಮಾಚಿಪತ್ರೆ, ಇಲ್ಲದಿದ್ದರೆ ಪಾರ್ಥೇನಿಯಂ. ಈ ಕೀಲಿ ಈ ನಾಲ್ಕಕ್ಕೆ ಮಾತ್ರ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಐದನೆಯ ಗಿಡವೊಂದು ಕೈಗೆ ಬಂದರೆ ದೊಡ್ಡ ಗ್ರಂಥವನ್ನೋ ಬಲ್ಲವರನ್ನೋ ಕೇಳಬೇಕು.

ಇಲ್ಲೊಂದು ತೊಡಕುಂಟು. ಹಳ್ಳಿಗರು ಮಾಚಿಪತ್ರೆಯನ್ನು ಗುರುತಿಸುವುದು ವಾಸನೆಯಿಂದ. ಎಲೆಯನ್ನು ಬೆರಳುಗಳ ನಡುವೆ ಹೊಸಕಿ ಮೂಗಿಗೆ ಹಿಡಿಯುತ್ತಾರೆ. ಮಾಚಿಪತ್ರೆಯ ಮಟ್ಟಿಗೆ ಇದು ಒಳ್ಳೆಯ ಪರೀಕ್ಷೆಯೇ ಸರಿ. ಆದರೆ ಎಲೆ ಪಾರ್ಥೇನಿಯಮ್ಮಿನದಾಗಿದ್ದರೆ, ಅದು ಏನೆಂದು ತಿಳಿಯುವ ವೇಳೆಗೆ ಅದರ ರಸ ಬೆರಳಿಗೆ ಹತ್ತಿರುತ್ತದೆ. ಆದ್ದರಿಂದ ಪರೀಕ್ಷೆಗಳ ಕ್ರಮವೇ ಇಲ್ಲಿ ಮುಖ್ಯ. ಕಣ್ಣಿನ ಪರೀಕ್ಷೆ ಮೊದಲು, ಬೆರಳಿನ ಪರೀಕ್ಷೆ ಕೊನೆಗೆ. ಕಡ್ಡಿಯಿಂದಲೋ ಪೆನ್ಸಿಲಿನಿಂದಲೋ ಎಲೆಯನ್ನು ಮಗುಚಿ ನೋಡಿದರೆ ಸಾಕು.

ಒಂದೇ ಗುರುತನ್ನು ನಂಬಿದರೂ ಅಪಾಯವೇ. ಒಂದು ಗುರುತು ಹತ್ತು ಸಲಕ್ಕೆ ಒಮ್ಮೆ ನಮ್ಮನ್ನು ದಾರಿತಪ್ಪಿಸುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದನ್ನೊಂದು ಅವಲಂಬಿಸದ ಮೂರು ಗುರುತುಗಳನ್ನು ನೋಡಿದರೆ ಮೂರೂ ಒಟ್ಟಿಗೆ ತಪ್ಪುವ ಸಂಭವ ಸಾವಿರಕ್ಕೆ ಒಂದು. ಆದರೆ ಎಲೆ ಸೀಳಿದೆ, ಸೀಳು ಆಳವಾಗಿದೆ, ಸೀಳಿನೊಳಗೆ ಮತ್ತೆ ಸೀಳಿದೆ ಎಂದು ಮೂರು ಸಲ ಹೇಳಿದರೆ ಅದು ಮೂರು ಗುರುತಾಗದು. ಹುಡುಗನು ಎಡವಿದುದು ಇಲ್ಲಿಯೇ. ಎಲೆಯ ಕೆಳಮೈ, ಬುಡದ ಸ್ವರೂಪ, ಹೂಮಂಡೆಯ ಎಣಿಕೆ ಇವು ಬೇರೆ ಬೇರೆ ಸಾಕ್ಷಿಗಳು. ಹಬ್ಬದ ಕಾಲದಲ್ಲಿ ಗಿಡ ಹೂ ಬಿಟ್ಟಿರದಿದ್ದರೂ ಮೊದಲೆರಡು ಸಾಕ್ಷಿಗಳು ದೊರೆತೇ ದೊರೆಯುತ್ತವೆ.

ತುರಿಕೆಯ ಕಾರಣ

ಪಾರ್ಥೇನಿಯಮ್ಮಿನ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕ ವಸ್ತುವಿದೆ. ಇದು ಚರ್ಮದ ಪ್ರೋಟೀನುಗಳೊಡನೆ ಕೂಡಿಕೊಳ್ಳುತ್ತದೆ. ಹೀಗೆ ಮಾರ್ಪಟ್ಟ ಪ್ರೋಟೀನನ್ನು ಕೆಲವರ ದೇಹದ ರಕ್ಷಣಾವ್ಯವಸ್ಥೆ ಪರಕೀಯವೆಂದು ಗುರುತಿಟ್ಟುಕೊಳ್ಳುತ್ತದೆ. ಮೊದಮೊದಲು ಮುಟ್ಟಿದಾಗ ಏನೂ ಆಗದಿರಬಹುದು. ಒಮ್ಮೆ ಗುರುತು ನೆಲೆಗೊಂಡಿತೆಂದರೆ ಮುಂದೆ ಅಲ್ಪ ಸಂಪರ್ಕವೂ ಸಾಕು. ಗಾಳಿಯಲ್ಲಿ ತೇಲಿಬರುವ ಒಣಗಿದ ಗಿಡದ ಧೂಳೂ ಕುತ್ತಿಗೆ, ರೆಪ್ಪೆಗಳಲ್ಲಿ ಉರಿಯೂತವನ್ನು ಎಬ್ಬಿಸಬಲ್ಲುದು. ಅದೂ ಕೂಡಲೇ ಅಲ್ಲ, ಒಂದೆರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಮುಟ್ಟಿದ ಗಿಡ ಯಾವುದೆಂಬುದೇ ಮರೆತಿರುತ್ತದೆ. ಇನ್ನು ಕೆಲವರಿಗೆ ಇದರ ಪರಾಗದಿಂದ ಸೀನು, ನೆಗಡಿ ಉಂಟಾಗುತ್ತವೆ.

ಈ ಗಿಡ ನಮ್ಮ ನಾಡಿನದಲ್ಲ. ಇದರ ತವರು ಮೆಕ್ಸಿಕೊ ಮತ್ತು ಅದರ ಸುತ್ತಣ ಅಮೆರಿಕದ ಪ್ರದೇಶಗಳು. ಇದರ ಸಮೀಪದ ನೆಂಟನಾದ ಗ್ವಾಯೂಲೆ, ಎಂದರೆ ಪಾರ್ಥೇನಿಯಂ ಅರ್ಜೆಂಟೇಟಂ, ಉತ್ತರ ಮೆಕ್ಸಿಕೊ ಮತ್ತು ಟೆಕ್ಸಸಿನ ಅರೆಮರುಭೂಮಿಯ ಬೆಟ್ಟದ ತಪ್ಪಲುಗಳಲ್ಲಿ ಬೆಳೆಯುವ ಬೂದುಬೆಳ್ಳಿ ಬಣ್ಣದ ಪೊದೆ. ಅದರಿಂದ ರಬ್ಬರ್ ದೊರೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯದ ರಬ್ಬರ್ ಕೈತಪ್ಪಿದಾಗ ಅಮೆರಿಕದ ಸರ್ಕಾರ 1942ರಲ್ಲಿ ಅದರ ಬೇಸಾಯವನ್ನು ಕೈಗೊಂಡಿತು. ಒಂದೇ ಕುಲದ ಒಂದು ಗಿಡ ಉಪಕಾರಿ, ಮತ್ತೊಂದು ಉಪದ್ರವಿ!

ಭಾರತದಲ್ಲಿ ಪಾರ್ಥೇನಿಯಂ ವಿಜ್ಞಾನಿಗಳ ಗಮನ ಸೆಳೆದುದು 1950ರ ದಶಕದ ನಡುವಿನಲ್ಲಿ, ಪುಣೆಯಲ್ಲಿ. ಹೊರದೇಶದಿಂದ ತರಿಸಿದ ಗೋಧಿಯೊಡನೆ ಬಂದಿತೆಂಬ ಮಾತು ಜನಜನಿತವಾಗಿದೆ. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಹಾನಿಕರ ಕಳೆಯೆಂದು ಘೋಷಿಸಿತು. ಇದರ ಎಲೆಯನ್ನು ತಿನ್ನುವ ಝೈಗೋಗ್ರಾಮ ಎಂಬ ಪುಟ್ಟ ದುಂಬಿಯನ್ನು ಮೆಕ್ಸಿಕೊದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಈ ದುಂಬಿ ಕೆಲವೆಡೆ ಸೂರ್ಯಕಾಂತಿಯ ಎಲೆಗೂ ಬಾಯಿ ಹಾಕಿತೆಂದು ಆಮೇಲೆ ಚರ್ಚೆಯೆದ್ದುದುಂಟು. ಎರಡು ಗಿಡಗಳ ನೆಂಟತನವನ್ನು ದುಂಬಿಯೂ ಅರಿತಿತ್ತೆಂದು ತೋರುತ್ತದೆ.

ಮಲೆನಾಡೂ ಬಯಲುಸೀಮೆಯೂ ಸಂಧಿಸುವ ಎಡೆಯಲ್ಲಿರುವ ಭದ್ರಾವತಿಯಲ್ಲಿ ಇಂತಹ ಗೊಂದಲಕ್ಕೆ ಅವಕಾಶ ಹೆಚ್ಚು. ಪಶ್ಚಿಮಕ್ಕೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ. ಪೂರ್ವಕ್ಕೆ ಚಿತ್ರದುರ್ಗದ ಒಣಬೆಟ್ಟಗಳ ಕಡೆ ಅದರ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲ. ನಡುವಣ ನಮ್ಮ ಊರಿನಲ್ಲಿ ನಾಲೆಯ ತೇವದಲ್ಲಿ ಗರಗ, ಹತ್ತು ಮಾರು ಆಚೆಯ ಒಣ ದಿಬ್ಬದ ಮೇಲೆ ಗಬ್ಬುಶಾವಂತಿ, ರಸ್ತೆಯ ಬದಿಯಲ್ಲಿ ಪಾರ್ಥೇನಿಯಂ. ಒಂದೇ ಸಂಜೆಯ ತಿರುಗಾಟದಲ್ಲಿ ಮೂರೂ ಒಂದೇ ಕಟ್ಟಿಗೆ ಸೇರಬಹುದು.

ಸರಿಯಾದ ಹೆಸರು

ಹಬ್ಬದ ಮರುವಾರ ಅಜ್ಜಿ ಮತ್ತೆ ಚರ್ಮವೈದ್ಯರಲ್ಲಿಗೆ ಹೋದರು. ಈ ಸಲ ಹುಡುಗನು ಆ ಗಿಡದ ಒಂದು ಕೊನೆಯನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ, ಮೇಲೆ ಹೆಸರಿನ ಚೀಟಿ ಅಂಟಿಸಿ ಕೊಂಡೊಯ್ದಿದ್ದನು. ವೈದ್ಯರು ಬೆನ್ನಿನ ಚರ್ಮಕ್ಕೆ ಪಟ್ಟಿಗಳನ್ನು ಅಂಟಿಸಿ ಮಾಡುವ ಪರೀಕ್ಷೆಯನ್ನು ನಡೆಸಿದರು. ಎರಡು ದಿನಗಳಲ್ಲಿ ಪಾರ್ಥೇನಿಯಮ್ಮಿನ ಪಟ್ಟಿಯ ಕೆಳಗೆ ಚರ್ಮ ಕೆಂಪಾಗಿತ್ತು. ಚಿಕಿತ್ಸೆಯೊಡನೆ ಅವರು ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ಇದೇ ಕುಟುಂಬದ ಬೇರೆ ಗಿಡಗಳಲ್ಲೂ ಇಂತಹ ವಸ್ತುಗಳಿರುವುದರಿಂದ ಸೇವಂತಿಗೆಯನ್ನೂ ಮಾಚಿಪತ್ರೆಯನ್ನೂ ಅಜ್ಜಿ ಮುಟ್ಟದಿರುವುದೇ ಮೇಲು.

"ಒಂದು ವರ್ಷ ಸುಮ್ಮನೆ ನವೆದೆ ಮೇಷ್ಟ್ರೇ. ಹೆಸರು ಒಂದು ತಪ್ಪಿದ್ದಕ್ಕೆ" ಎಂದರು ಅಜ್ಜಿ. ಮೊಮ್ಮಗನನ್ನು ಅವರು ಬಯ್ಯಲಿಲ್ಲ. ಅವನು ಮಾತ್ರ ಮಳೆ ನಿಂತ ಒಂದು ದಿನ ಕೈಚೀಲ ತೊಟ್ಟು, ತುಂಬುತೋಳಿನ ಅಂಗಿ ಹಾಕಿಕೊಂಡು, ಹೂ ಬಿಡುವ ಮುನ್ನವೇ ಮನೆಯ ಸುತ್ತಣ ಪಾರ್ಥೇನಿಯಮ್ಮನ್ನು ಬೇರುಸಹಿತ ಕಿತ್ತು ಹಾಕಿದನು. ಅಲ್ಲಿದ್ದ ಗಬ್ಬುಶಾವಂತಿಯನ್ನು ಹಾಗೆಯೇ ಬಿಟ್ಟನು. ಎಲ್ಲವನ್ನೂ ಕಳೆಯೆಂದು ಕೀಳದೆ ಬೇಕಾದುದನ್ನಷ್ಟೆ ಕೀಳುವಷ್ಟು ಅವನ ಕಣ್ಣು ಪಳಗಿತ್ತು.

ಈ ವರ್ಷ ತೀರ್ಥಹಳ್ಳಿಯ ಕಡೆಯ ನೆಂಟರು ಬೇರು ಸಮೇತ ಮಾಚಿಪತ್ರೆಯ ಒಂದು ಸಸಿಯನ್ನು ಕಳುಹಿಸಿದ್ದರು. ಹಬ್ಬದ ಹಿಂದಿನ ಸಂಜೆ ನಾವು ಹೋದಾಗ ಹುಡುಗನು ಪಡಸಾಲೆಯಲ್ಲಿ ಕಾಗದ ಹಾಸಿಕೊಂಡು ಪತ್ರೆಗಳನ್ನು ವಿಂಗಡಿಸುತ್ತಿದ್ದನು. ಅಜ್ಜಿ ನಾಲ್ಕು ಮಾರು ದೂರದಲ್ಲಿ, ಗೋಡೆಗೆ ಒರಗಿ ಕುಳಿತಿದ್ದರು. ಅವನು ಒಂದೊಂದು ಎಲೆಯನ್ನು ಎತ್ತಿ ಹಿಡಿದು ಹೆಸರು ಹೇಳುತ್ತಿದ್ದನು. ಮಾಚಿಪತ್ರೆಯ ಸರದಿ ಬಂದಿತು.

"ಹಾಗೆ ಹೇಳಿದರೆ ಆಗಲಿಲ್ಲ, ಮಗು. ತಿರುಗಿಸಿ ಕೆಳಗಿನ ಮೈ ತೋರಿಸು" ಎಂದರು ಅಜ್ಜಿ.

ಅವನು ತಿರುಗಿಸಿದನು. ಅದು ಬೆಳ್ಳಗಿತ್ತು.